ಹೊಸ ವಿಚಾರಕ್ಕೆ ಬಾಗಿಲು: ಕಾರ್ಯಾಲಯದಲ್ಲಿ ಪರಿವರ್ತನೆ ಮತ್ತು ಸಿಬ್ಬಂದಿಯ ಆರೋಗ್ಯ

ಕಲ್ಕತ್ತೆಯ ಈಶಾನ್ಯಕ್ಕೆ, ವಿಮಾನ ನಿಲ್ದಾಣದ ಸಮೀಪದಲ್ಲಿ ಹಬ್ಬಿರುವ ನ್ಯೂ ಟೌನ್ ಉಪನಗರವು ಕಾಲು ಶತಮಾನದ ಹಿಂದೆ ರಾಜಾರ್‌ಹಾಟ್ ಸೀಮೆಯ ಬತ್ತದ ಗದ್ದೆ, ತರಕಾರಿ ತೋಟ ಮತ್ತು ಮೀನಿನ ಕೆರೆಗಳ ನೆಲವಾಗಿತ್ತು. 1999ರಲ್ಲಿ ಪಶ್ಚಿಮ ಬಂಗಾಳ ಸರ್ಕಾರವು ಹಿಡ್ಕೋ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾದ ನಿಗಮವನ್ನು ಸ್ಥಾಪಿಸಿದ ನಂತರ ಅಲ್ಲಿ ಅಗಲವಾದ ರಸ್ತೆಗಳು, ವಸತಿ ಸಮುಚ್ಚಯಗಳು, ಗಣಕ ಸಂಸ್ಥೆಗಳ ಭವನಗಳು ಒಂದಾದ ಮೇಲೊಂದರಂತೆ ಎದ್ದುನಿಂತವು. 2011ರಲ್ಲಿ ಟಾಟಾ ಮೆಡಿಕಲ್ ಸೆಂಟರ್ ಎಂಬ ಕ್ಯಾನ್ಸರ್ ಆಸ್ಪತ್ರೆ ಅಲ್ಲಿ ಆರಂಭವಾಯಿತು. 2012ರಲ್ಲಿ ಇಕೋ ಪಾರ್ಕ್ ಎಂಬ ವಿಶಾಲ ಉದ್ಯಾನವು ಜನರಿಗೆ ತೆರೆಯಿತು. ಬೆಂಗಳೂರಿನಲ್ಲಿ ನೆಲೆಯೂರಿ ಬೆಳೆದ ಇನ್ಫೋಸಿಸ್ ಸಂಸ್ಥೆಯು 2024ರ ಡಿಸೆಂಬರಿನಲ್ಲಿ ಅಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಬೆಳಗಿನ ಹೊತ್ತು ಈ ಭವನಗಳ ಎದುರು ಮಣ್ಣಿನ ಬಟ್ಟಲಿನಲ್ಲಿ ಚಹಾ ಹೀರುತ್ತ ನಿಂತವರಲ್ಲಿ ಉಡುಪಿಯವರೂ, ಧಾರವಾಡದವರೂ, ಮೈಸೂರಿನವರೂ ಇರುವುದು ಈಗ ಅಪರೂಪವೇನಲ್ಲ.

ಒಂದು ಊರೇ ಇಷ್ಟು ಬೇಗ ಬದಲಾಗಬಲ್ಲದು. ಆದರೆ ಆ ಭವನಗಳ ಒಳಗೆ ಹತ್ತು ಹನ್ನೆರಡು ಜನರ ಒಂದು ಚಿಕ್ಕ ತಂಡವು ತನ್ನ ಕೆಲಸದ ಕ್ರಮವನ್ನು ಬದಲಿಸಿಕೊಳ್ಳಬೇಕಾದಾಗ ಏಕೆ ಅಷ್ಟೊಂದು ತೊಡಕುಂಟಾಗುತ್ತದೆ? ಹೊಸ ವಿಚಾರವುಳ್ಳ ತರುಣ ಗುಮಾಸ್ತ ಏಕೆ ಬಾಯಿ ಬಿಡುವುದಿಲ್ಲ? ಮೇಲಿನಿಂದ ಬಂದ ಒಳ್ಳೆಯ ಯೋಜನೆಯೂ ಏಕೆ ಕಡತದಲ್ಲಿಯೇ ಒಣಗುತ್ತದೆ? ಊರು ಬಿಟ್ಟು ಬಂದು ಮಹಾನಗರದಲ್ಲಿ ನೌಕರಿಯನ್ನೇ ನೆಚ್ಚಿ ಬಾಳುವವರಿಗೆ ಈ ಪ್ರಶ್ನೆಗಳು ದಿನದ ಎಂಟು ಗಂಟೆಗಳ ನೆಮ್ಮದಿಗೆ, ಅದರ ಮೂಲಕ ದೇಹಾರೋಗ್ಯಕ್ಕೂ ಸಂಬಂಧಿಸಿದವು. ಅದು ಹೇಗೆಂಬುದನ್ನು ಮುಂದೆ ನೋಡಬಹುದು.

ವಿರೋಧದ ಬೇರು

ಬದಲಾವಣೆಯನ್ನು ವಿರೋಧಿಸುವವನು ಸೋಮಾರಿ ಅಥವಾ ಅಜ್ಞಾನಿ ಎಂದು ತೀರ್ಮಾನಿಸುವುದು ಅಧಿಕಾರದಲ್ಲಿರುವವರಿಗೆ ಸುಲಭ. ಕಲ್ಕತ್ತೆಯ ಇತಿಹಾಸ ಬೇರೆ ಪಾಠವನ್ನು ಹೇಳುತ್ತದೆ. 1960ರ ದಶಕದ ಉತ್ತರಾರ್ಧದಲ್ಲಿ ಜೀವ ವಿಮಾ ನಿಗಮವು ಈ ನಗರದ ಇಲಾಕೋ ಹೌಸ್ ಕಟ್ಟಡದಲ್ಲಿ ಗಣಕಯಂತ್ರವನ್ನು ಸ್ಥಾಪಿಸಲು ಹೊರಟಾಗ ನೌಕರರು ಹಗಲಿರುಳೆನ್ನದೆ ಕಾವಲು ನಿಂತು ಅದನ್ನು ತಡೆದರು. ಅವರಿಗೆ ಯಂತ್ರದ ಮೇಲೆ ಹಗೆ ಇರಲಿಲ್ಲ. ನಿರುದ್ಯೋಗ ಕಿತ್ತು ತಿನ್ನುತ್ತಿದ್ದ ಕಾಲದಲ್ಲಿ ಒಂದು ಯಂತ್ರವು ಎಷ್ಟು ಮೇಜುಗಳನ್ನು ಖಾಲಿ ಮಾಡೀತೆಂಬುದು ಅವರ ಭಯ. ಆ ಭಯಕ್ಕೆ ನಂಬಲರ್ಹವಾದ ಉತ್ತರ ಸಿಗುವವರೆಗೆ ಯಂತ್ರದ ಗುಣಗಾನ ಅವರ ಕಿವಿಗೆ ಬೀಳುವಂತಿರಲಿಲ್ಲ.

ಬ್ಯಾಂಕುಗಳಲ್ಲಿ ಇದೇ ಪ್ರಶ್ನೆ ಬೇರೆ ಹಾದಿ ಹಿಡಿಯಿತು. 1983ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳ ಸಂಘಕ್ಕೂ ನೌಕರರ ಸಂಘಟನೆಗಳಿಗೂ ಯಂತ್ರೀಕರಣದ ಕುರಿತು ಒಪ್ಪಂದವಾಯಿತು. ಎಂತಹ ಯಂತ್ರ, ಎಲ್ಲಿ, ಎಷ್ಟು ಎಂಬ ಮಿತಿಗಳು ಅದರಲ್ಲಿ ಬರಹಕ್ಕಿಳಿದವು. 1984ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂದಿತು. 1987ರಲ್ಲಿ ಮತ್ತು 1993ರಲ್ಲಿ ಒಪ್ಪಂದಗಳನ್ನು ವಿಸ್ತರಿಸಲಾಯಿತು. ಮೊದಲು ಲೆಡ್ಜರ್ ಬರೆಯುವ ಯಂತ್ರ, ಅನಂತರ ಇಡೀ ಶಾಖೆಯ ಗಣಕೀಕರಣ, ಕೊನೆಗೆ ಎಲ್ಲ ಶಾಖೆಗಳನ್ನೂ ಒಂದೇ ಸೂತ್ರದಲ್ಲಿ ಪೋಣಿಸುವ ವ್ಯವಸ್ಥೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೆಲಸ ಸಾಗಿತು. ಇದು ನಿಧಾನವಾಯಿತೆಂದು ಆಕ್ಷೇಪಿಸುವವರುಂಟು. ಆದರೂ ದಪ್ಪ ಲೆಡ್ಜರುಗಳಲ್ಲಿ ಕೂಡಿ ಕಳೆದು ಬೆರಳು ಸವೆಸಿದ ಅದೇ ಪೀಳಿಗೆಯ ಅನೇಕ ಗುಮಾಸ್ತರು ಕೀಲಿಮಣೆಯನ್ನು ಕಲಿತು ಗೌರವದಿಂದ ನಿವೃತ್ತರಾದರು ಎಂಬುದನ್ನು ಜಮಾ ಪಕ್ಕದಲ್ಲಿ ಬರೆಯಲೇಬೇಕು. ಕಳೆದುಕೊಳ್ಳುವುದೇನು, ಉಳಿಯುವುದೇನು ಎಂಬುದನ್ನು ಮುಂಚಿತವಾಗಿ ಬಿಡಿಸಿ ಹೇಳಿದಲ್ಲಿ ವಿರೋಧವು ಚರ್ಚೆಯಾಗಿ ಮಾರ್ಪಡುತ್ತದೆ.

ವಿಚಾರ ಹುಟ್ಟುವ ಸ್ಥಳ

ಹೊಸ ವಿಚಾರಗಳು ಸಾಮಾನ್ಯವಾಗಿ ದೊಡ್ಡ ಮೇಜಿನ ಹಿಂದೆ ಹುಟ್ಟುವುದಿಲ್ಲ. ಜನರ ಕಷ್ಟವು ಕಣ್ಣಿಗೆ ಬೀಳುವ ಸ್ಥಳದಲ್ಲಿ ಅವು ಮೊಳೆಯುತ್ತವೆ. ಇದಕ್ಕೆ ಕನ್ನಡ ನಾಡಿನ ಕರಾವಳಿಯಲ್ಲಿಯೇ ಒಂದು ಶ್ರೇಷ್ಠ ನಿದರ್ಶನವಿದೆ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ. ಎಂ. ಎ. ಪೈ ಅವರು ಸ್ಥಾಪಿಸಿದ ಸಂಸ್ಥೆಯು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. ಆ ಕಾಲದಲ್ಲಿ ಬ್ಯಾಂಕೆಂದರೆ ಉಳ್ಳವರು ಮೆಟ್ಟಿಲು ಹತ್ತಿ ಬರುವ ಸ್ಥಳ. ದಿನಗೂಲಿಯ ನೇಕಾರನಾಗಲಿ, ಚಿಲ್ಲರೆ ಅಂಗಡಿಯವನಾಗಲಿ ಅತ್ತ ಸುಳಿಯುತ್ತಿರಲಿಲ್ಲ. 1928ರಲ್ಲಿ ಈ ಸಂಸ್ಥೆಯು ಪಿಗ್ಮಿ ಠೇವಣಿ ಯೋಜನೆಯನ್ನು ಆರಂಭಿಸಿತು. ಏಜೆಂಟನು ಪ್ರತಿದಿನ ಮನೆಬಾಗಿಲಿಗೆ, ಅಂಗಡಿಯ ಕಟ್ಟೆಗೆ ಹೋಗಿ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಹಿಸುತ್ತಿದ್ದ. ಜನರು ಬ್ಯಾಂಕಿಗೆ ಬರುವುದರ ಬದಲು ಬ್ಯಾಂಕೇ ಜನರ ಬಳಿಗೆ ನಡೆಯಿತು.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದಾಗಿ, ಡಾ. ಪೈ ಅವರು ವೃತ್ತಿಯಿಂದ ವೈದ್ಯರು. 1953ರಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದವರೂ ಅವರೇ. ರೋಗಿಯ ಮನೆಯ ಒಲೆಯನ್ನೂ ಕಂಡ ಕಣ್ಣಿಗೆ ಲೇವಾದೇವಿಯ ಕೊರತೆ ಬೇರೆಯಾಗಿ ಕಾಣಿಸೀತು. ಹೊರಗಿನಿಂದ ಬಂದವನ ಪ್ರಶ್ನೆಯನ್ನು ಅಲ್ಲಗಳೆಯಬಾರದೆಂಬುದಕ್ಕೆ ಇದು ಸಾಕ್ಷಿ. ಎರಡನೆಯದಾಗಿ, ಪಿಗ್ಮಿಯ ಯಶಸ್ಸು ಬೀದಿ ಸುತ್ತುವ ಏಜೆಂಟನ ಕಾಲ್ನಡಿಗೆಯನ್ನೇ ನೆಚ್ಚಿತ್ತು. ಯಾವ ಬೀದಿಯಲ್ಲಿ ಯಾರಿಗೆ ಯಾವ ದಿನ ಕೈಯಲ್ಲಿ ಹಣವಿರುತ್ತದೆಂಬುದು ಅವನಿಗೆ ಗೊತ್ತಿರುವಷ್ಟು ಕೇಂದ್ರ ಕಚೇರಿಗೆ ಗೊತ್ತಿರಲಾರದು. ತನ್ನ ತಂಡದಲ್ಲಿ ಇಂತಹ ಅರಿವುಳ್ಳವರು ಯಾರೆಂದು ತಿಳಿಯದ ಅಧಿಕಾರಿಯು ಹೊಸ ವಿಚಾರಕ್ಕಾಗಿ ಹೊರಗೆಲ್ಲ ಅಲೆದರೆ, ದೀಪದ ಬುಡದಲ್ಲಿ ಕತ್ತಲೆ ಎಂಬಂತಾಗುತ್ತದೆ.

ಬನಗಾಂವಿನ ಪಾಠ

ನ್ಯೂ ಟೌನ್ ಸೇರಿರುವ ಉತ್ತರ 24 ಪರಗಣ ಜಿಲ್ಲೆಯಲ್ಲಿಯೇ, ಬಾಂಗ್ಲಾದೇಶದ ಗಡಿಯ ಬನಗಾಂವ್ ಪಟ್ಟಣವಿದೆ. 1971ರ ಯುದ್ಧದ ಕಾಲದಲ್ಲಿ ಗಡಿ ದಾಟಿ ಬಂದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಬನಗಾಂವಿನ ಚಿಕ್ಕ ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ರಕ್ತನಾಳದ ಮೂಲಕ ಕೊಡುವ ಸಲೈನ್ ದ್ರವವೂ ಸಾಲದು, ಅದನ್ನು ಕೊಡಬಲ್ಲ ತರಬೇತಿ ಪಡೆದ ಕೈಗಳೂ ಸಾಲವು. ಕಲ್ಕತ್ತೆಯ ಜಾನ್ಸ್ ಹಾಪ್‌ಕಿನ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ಡಾ. ದಿಲೀಪ್ ಮಹಲನಬೀಸ್ ಅವರು ಆಗ ಒಂದು ನಿರ್ಧಾರಕ್ಕೆ ಬಂದರು. ಗ್ಲೂಕೋಸ್, ಉಪ್ಪು ಮತ್ತು ಅಡಿಗೆ ಸೋಡಾ ಬೆರೆಸಿದ ನೀರನ್ನು ಬಾಯಿಯ ಮೂಲಕವೇ ಕುಡಿಸುವುದು, ಕುಡಿಸುವ ಕೆಲಸವನ್ನು ರೋಗಿಯ ತಾಯಿಗೆ, ಅಣ್ಣನಿಗೆ, ನೆರೆಯವರಿಗೆ ಒಪ್ಪಿಸುವುದು.

ಸಕ್ಕರೆಯ ಅಂಶವು ಕರುಳಿನಲ್ಲಿ ಉಪ್ಪನ್ನೂ ನೀರನ್ನೂ ತನ್ನೊಡನೆ ಒಳಕ್ಕೆ ಸೆಳೆಯುತ್ತದೆಂಬ ತತ್ತ್ವವು ಆಗಲೇ ತಿಳಿದಿತ್ತು. ಢಾಕಾ ಮತ್ತು ಕಲ್ಕತ್ತೆಗಳಲ್ಲಿ ಆಸ್ಪತ್ರೆಯೊಳಗಿನ ಪ್ರಯೋಗಗಳೂ ನಡೆದಿದ್ದವು. ಆದರೆ ವೈದ್ಯನ ಕೈಯಿಂದ ಚಿಕಿತ್ಸೆಯನ್ನು ಬಿಡಿಸಿ ಮನೆಯವರ ಕೈಗಿಡುವ ಧೈರ್ಯ ದೊಡ್ಡ ಪ್ರಮಾಣದಲ್ಲಿ ಯಾರಿಗೂ ಬಂದಿರಲಿಲ್ಲ. ಕಲ್ಕತ್ತೆಯಲ್ಲಿ ಪೊಟ್ಟಣಗಳನ್ನು ಕಟ್ಟಿ ಬನಗಾಂವಿಗೆ ಸಾಗಿಸಿದರು. ಅಲ್ಲಿ ಡ್ರಮ್ಮುಗಳಲ್ಲಿ ಕಲಸಿ ಹಂಚಿದರು. ಶೇಕಡಾ 30ರ ಸುಮಾರಿಗಿದ್ದ ಮರಣ ಪ್ರಮಾಣವು ಈ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಆದರೂ ವೈದ್ಯಲೋಕ ಕೂಡಲೇ ತಲೆದೂಗಲಿಲ್ಲ. ಈ ಅನುಭವದ ವರದಿ ಪ್ರಕಟವಾದದ್ದು 1973ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯಲ್ಲಿದ್ದ ಡಾ. ಧೀಮಾನ್ ಬರುವಾ ಅವರು ಬನಗಾಂವಿಗೆ ಬಂದು ಕಣ್ಣಾರೆ ಕಂಡು ಅದರ ಪಕ್ಷ ವಹಿಸಿದ್ದು ಅದಕ್ಕೆ ಬಲವನ್ನಿತ್ತಿತು. ಡಾ. ಮಹಲನಬೀಸ್ ಅವರು 2022ರಲ್ಲಿ ನಿಧನರಾದರು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಸಂದಿತು.

ಯಾವ ಕಾರ್ಯಾಲಯಕ್ಕೂ ಇಲ್ಲಿ ಮೂರು ಪಾಠಗಳುಂಟು. ಹೊಸ ವಿಚಾರವನ್ನು ಸಂಕಟದ ಕಾಲದಲ್ಲಿ ಹುಡುಕಲು ಹೊರಟರೆ ಅದು ಸಿಕ್ಕದು, ಮೊದಲೇ ಅರಿತಿಟ್ಟುಕೊಂಡಿರಬೇಕು. ಕೆಲಸವನ್ನು ಇತರರಿಗೆ ಒಪ್ಪಿಸುವಾಗ ಅದನ್ನು ಸರಳಗೊಳಿಸಿಕೊಡಬೇಕು. ಹೊಸತಿಗೆ ಪರಿಚಿತ ಹೆಸರಿಡುವುದು ಜಾಣತನ. ಬಂಗಾಳಿಯಲ್ಲಿ ಈ ದ್ರಾವಣವನ್ನು ‘ಖಾಬಾರ್ ಸ್ಯಾಲೈನ್’, ಎಂದರೆ ಸೇವಿಸುವ ಸಲೈನ್ ಎಂದು ಕರೆಯುತ್ತಾರೆ. ಸಲೈನ್ ಎಂದರೆ ಮೊದಲೇ ಜನರಿಗೆ ನಂಬಿಕೆಯುಂಟು. ಆ ನಂಬಿಕೆಯ ಬೆನ್ನೇರಿ ಹೊಸ ಔಷಧ ಮನೆಮನೆಗೆ ಹೋಯಿತು. (ಓದುಗರು ಮನೆಯಲ್ಲಿ 1971ರ ಪ್ರಮಾಣವನ್ನು ಅನುಸರಿಸಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ಉಪ್ಪು ಸಕ್ಕರೆಗಳ ಸಾಂದ್ರತೆಯನ್ನು ತಗ್ಗಿಸಿದೆ. ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಿರುವಷ್ಟೇ ಶುದ್ಧ ನೀರಿನಲ್ಲಿ ಕರಗಿಸಿ ಕೊಡುವುದು ಸರಿಯಾದ ಕ್ರಮ.)

ಕಿರಿಯರ ದನಿ

ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಹಿರಿಯ ಸರ್ಜನರ ಎದುರು ದಾದಿಯೊಬ್ಬಳು “ಸ್ವಲ್ಪ ತಡೆಯಿರಿ” ಎನ್ನುವುದು ಸುಲಭದ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಹೊರತಂದ 19 ಅಂಶಗಳ ತಪಾಸಣಾ ಪಟ್ಟಿಯು ಆ ಮಾತಿಗೆ ಅವಕಾಶ ಕಲ್ಪಿಸಿತು. ಕತ್ತರಿ ಹಿಡಿಯುವ ಮುನ್ನ ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ಕೆಲಸವನ್ನೂ ಹೇಳಬೇಕೆಂಬುದು ಅದರಲ್ಲಿನ ಒಂದು ಅಂಶ. ಒಮ್ಮೆ ಬಾಯಿ ತೆರೆದವನು ಸಂದೇಹ ಬಂದಾಗ ಮತ್ತೆ ತೆರೆಯಲು ಅಷ್ಟಾಗಿ ಅಂಜುವುದಿಲ್ಲ. ದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಮರಣವು ಶೇಕಡಾ 1.5ರಿಂದ 0.8ಕ್ಕೂ, ತೊಡಕುಗಳು ಶೇಕಡಾ 11ರಿಂದ 7ಕ್ಕೂ ಇಳಿದಿದ್ದವು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಅದೇ ಪಟ್ಟಿಯನ್ನು ಸರ್ಕಾರಿ ಆಜ್ಞೆಯ ಬಲದಿಂದ ಜಾರಿಗೆ ತರಲಾಯಿತು. 101 ಆಸ್ಪತ್ರೆಗಳ ಅಂಕಿಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಣನೀಯವಾದ ಇಳಿಕೆ ಕಂಡುಬರಲಿಲ್ಲ. ಇದರ ಕಾರಣಗಳ ಬಗ್ಗೆ ತಜ್ಞರಲ್ಲಿ ಚರ್ಚೆಯಾಗಿದೆ. ತರಬೇತಿಯಿಲ್ಲದೆ, ತಂಡದ ಮನಸ್ಸನ್ನು ಒಲಿಸಿಕೊಳ್ಳದೆ, ಕಾಗದದ ಮೇಲೆ ಗುರುತು ಹಾಕಿ ಮುಗಿಸಿದರೆ ಪಟ್ಟಿಯು ಬರಿಯ ಪಟ್ಟಿಯಾಗಿಯೇ ಉಳಿಯುತ್ತದೆಂಬುದು ಅವರಲ್ಲಿ ಹಲವರ ಅಭಿಪ್ರಾಯ. ಸುತ್ತೋಲೆಗಳ ರಾಶಿಯ ನಡುವೆ ಬಾಳುವ ಯಾವ ನೌಕರನಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಲ್ಕತ್ತೆಯ ಕಾರ್ಯಾಲಯಗಳಲ್ಲಿ ಹಿರಿಯರನ್ನು ಹೆಸರಿನ ಕೊನೆಗೆ ‘ದಾ’ ಸೇರಿಸಿ ಅಣ್ಣನೆಂದು ಕರೆಯುವ ರೂಢಿಯಿದೆ. ನಮ್ಮ ಕಡೆಯವರು ‘ಸಾರ್’ ಎಂದೋ, ಹಿಂದಿನ ಕಾಲದಲ್ಲಿ ‘ರಾಯರೇ’ ಎಂದೋ ಕರೆದಾಗ ಇರುವ ದೂರ ಅದರಲ್ಲಿಲ್ಲ. ಆದರೆ ಅಣ್ಣನೆಂದು ಕರೆದ ಮಾತ್ರಕ್ಕೆ “ಅಣ್ಣಾ, ಈ ಲೆಕ್ಕ ತಪ್ಪಾಗಿದೆ” ಎನ್ನುವ ಸಲಿಗೆ ಬಂದಿತೆಂದು ಭಾವಿಸಬಾರದು. ಬಂಗಾಳಿಗಳ ‘ಅಡ್ಡಾ’ದಲ್ಲಿ, ನಮ್ಮ ಊರಿನ ಅರಳಿಕಟ್ಟೆಯಲ್ಲಿ ಇರುವಂತೆ, ಯಾರು ಬೇಕಾದರೂ ಯಾರ ಮಾತನ್ನಾದರೂ ತುಂಡರಿಸಬಹುದು, ಹೇಳಿದವನಿಗೆ ಮರುದಿನ ಕೆಡುಕಾಗದು. ಆ ಅಭಯವನ್ನು ಅಡ್ಡಾದಿಂದ ಕಾರ್ಯಾಲಯದ ಸಭೆಗೆ ತರುವುದೇ ಮೇಲಧಿಕಾರಿಯ ಮುಖ್ಯ ಕರ್ತವ್ಯ.

ದೇಹದ ಮೇಲೆ ಬೀಳುವ ತೆರಿಗೆ

ಕೆಲಸದಲ್ಲಿ ತನ್ನ ಮಾತಿಗೆ ಬೆಲೆಯಿಲ್ಲದಿದ್ದರೆ ಮನಸ್ಸು ನೋಯುತ್ತದೆ. ಇದು ಎಲ್ಲರಿಗೂ ತಿಳಿದದ್ದೇ. ಹೃದಯಕ್ಕೂ ಅದರಿಂದ ಕೇಡುಂಟಾಗಬಹುದೆಂಬುದನ್ನು ಇಂಗ್ಲೆಂಡಿನ ಸರ್ಕಾರಿ ನೌಕರರ ಅಧ್ಯಯನ ಸೂಚಿಸಿತು. ವೈಟ್‌ಹಾಲ್ ಅಧ್ಯಯನವೆಂದು ಹೆಸರಾದ ಇದು 1967ರಲ್ಲಿ ಆರಂಭವಾಯಿತು. ಕೆಳದರ್ಜೆಯ ನೌಕರರಲ್ಲಿ ಹೃದ್ರೋಗದಿಂದಾದ ಮರಣವು ಉನ್ನತ ದರ್ಜೆಯವರಿಗಿಂತ ಮೂರು ಪಟ್ಟಿಗೂ ಹೆಚ್ಚಾಗಿತ್ತು. ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್ ಇವುಗಳನ್ನು ಲೆಕ್ಕಕ್ಕೆ ಹಿಡಿದರೂ ಈ ಅಂತರ ಪೂರ್ತಿಯಾಗಿ ಕರಗಲಿಲ್ಲ. 1985ರಲ್ಲಿ ಆರಂಭವಾದ ಎರಡನೆಯ ಅಧ್ಯಯನದಲ್ಲಿ 10,308 ಸ್ತ್ರೀ ಪುರುಷ ನೌಕರರನ್ನು ಪರಿಶೀಲಿಸಲಾಯಿತು. ತಮ್ಮ ಕೆಲಸದ ರೀತಿಯ ಮೇಲೆ ತಮಗೇ ಹಿಡಿತವಿಲ್ಲದವರಲ್ಲಿ ಹೃದ್ರೋಗದ ಸಂಭವ ಹೆಚ್ಚೆಂದು ಸರ್ ಮೈಕೇಲ್ ಮಾರ್ಮಟ್ ಮತ್ತು ಅವರ ಸಂಗಡಿಗರು ಕಂಡುಕೊಂಡರು.

ಹೀಗಾಗಿ ನೌಕರನ ಸಲಹೆಗೆ ಕಿವಿಗೊಡುವುದನ್ನು ಸೌಜನ್ಯವೆಂದಷ್ಟೇ ಎಣಿಸಬೇಕಾಗಿಲ್ಲ. ಉಪ್ಪು ಕಡಿಮೆ ಮಾಡುವುದು, ಸಂಜೆ ನಡೆಯುವುದು, ಹೊಗೆ ಬಿಡುವುದು ಇವುಗಳ ಸಾಲಿನಲ್ಲಿಯೇ ಅದನ್ನೂ ಇಡಬಹುದು. ಬದಲಾವಣೆಯ ಕಾಲದಲ್ಲಿ ನಿದ್ದೆ ಕೆಡುವುದು, ಊಟದ ಹೊತ್ತು ತಪ್ಪುವುದು, ಮನೆಯವರ ಮೇಲೆ ರೇಗುವುದು ಇವೆಲ್ಲ ಕಾಣಿಸಿಕೊಂಡರೆ ಅವುಗಳನ್ನು ದೌರ್ಬಲ್ಯವೆಂದು ಮುಚ್ಚಿಡಬಾರದು. ನಲವತ್ತು ದಾಟಿದವರು ರಕ್ತದೊತ್ತಡ ಮತ್ತು ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುತ್ತಿರಬೇಕು. ಎರಡು ವಾರ ಕಳೆದರೂ ನಿದ್ದೆ, ಉತ್ಸಾಹ ಮರಳದಿದ್ದರೆ ವೈದ್ಯರನ್ನು ಕಾಣುವುದು ವಿವೇಕ.

ವಿಲೀನದ ವರ್ಷ

ಇವೆಲ್ಲವೂ ಒಮ್ಮೆಗೇ ಪರೀಕ್ಷೆಗೊಳಗಾದದ್ದು ಬ್ಯಾಂಕುಗಳ ವಿಲೀನದ ಕಾಲದಲ್ಲಿ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ತನ್ನ ಮಾತೃಸಂಸ್ಥೆಯಾದ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. 2019ರ ಅದೇ ದಿನ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕನ್ನೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕನ್ನೂ ಸೇರಿದವು. ಅದೇ ದಿನ ಕಲ್ಕತ್ತೆಯೂ ತನ್ನ ಎರಡು ಹೆಸರುಗಳನ್ನು ಕಳೆದುಕೊಂಡಿತು. 1865ರಷ್ಟು ಹಳೆಯದಾದ ಅಲಹಾಬಾದ್ ಬ್ಯಾಂಕು ಇಂಡಿಯನ್ ಬ್ಯಾಂಕಿನಲ್ಲಿಯೂ, ಯುನೈಟೆಡ್ ಬ್ಯಾಂಕ್ ಆಫ್ ಇಂಡಿಯಾ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿಯೂ ಲೀನವಾದವು. ಯುನೈಟೆಡ್ ಬ್ಯಾಂಕಾದರೂ 1950ರಲ್ಲಿ ಬಂಗಾಳದ ನಾಲ್ಕು ಬ್ಯಾಂಕುಗಳು ಕೂಡಿ ಹುಟ್ಟಿದ್ದೇ.

ದೇಶವೆಲ್ಲ ಬೀಗ ಹಾಕಿಕೊಂಡು ಮನೆಯೊಳಗಿದ್ದ ದಿನಗಳಲ್ಲಿ ಬ್ಯಾಂಕುಗಳು ಬಾಗಿಲು ತೆರೆದೇ ಈ ಬದಲಾವಣೆಯನ್ನು ಹೊತ್ತವು. ಫಲಕ ಬದಲಾಯಿತು, ಚೆಕ್ಕಿನ ಬಣ್ಣ ಬದಲಾಯಿತು, ಗಣಕದ ತಂತ್ರಾಂಶ ಬದಲಾಯಿತು, ಸಿಂಡಿಕೇಟ್ ಬ್ಯಾಂಕಿನ ಶಾಖೆಗಳ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು 2021ರ ಜುಲೈ 1ರಿಂದ ಅಮಾನ್ಯವಾದವು. ಊರಿನಲ್ಲಿದ್ದ ವೃದ್ಧ ತಂದೆತಾಯಿಗಳ ಪಿಂಚಣಿ ಖಾತೆಯ ಚಿಂತೆ ಮಹಾನಗರದಲ್ಲಿದ್ದ ಮಕ್ಕಳ ತಲೆಗೆ ಬಂತು. ಇಪ್ಪತ್ತೈದು ವರ್ಷ ಒಂದು ಬ್ಯಾಂಕಿನ ಹೆಸರನ್ನು ತನ್ನ ಹೆಸರಿನ ಭಾಗವೆಂಬಂತೆ ಧರಿಸಿದವನಿಗೆ ಒಂದು ಬೆಳಗ್ಗೆ ಅದು ಇಲ್ಲವೆಂದರೆ ಆಗುವ ನೋವು ಅಢಾವೆ ಪತ್ರಿಕೆಯ ಯಾವ ಕಲಮಿನಲ್ಲಿಯೂ ಕಾಣಿಸುವುದಿಲ್ಲ. ಆ ನೋವಿಗೆ ಒಂದು ಮಾತಿನ ಜಾಗವನ್ನಾದರೂ ಕೊಟ್ಟ ಶಾಖೆಯಲ್ಲಿ ‘ನಿಮ್ಮವರು, ನಮ್ಮವರು’ ಎಂಬ ಗೆರೆ ಬೇಗ ಅಳಿಸೀತು. ಕೊಡದ ಕಡೆ ಒಂದೇ ಸೂರಿನಡಿ ಎರಡು ಒಲೆ ಉರಿಯುವಂತಾಗುತ್ತದೆ.

ಆಚರಣೆಗೆ ಕೆಲವು ಸೂತ್ರಗಳು

1. ಬದಲಾವಣೆಯ ಸುದ್ದಿಯನ್ನು ಮೇಲಧಿಕಾರಿಯೇ, ಎಲ್ಲರಿಗೂ ಒಂದೇ ದಿನ, ಬಾಯಿಮಾತಿನಲ್ಲಿ ತಿಳಿಸಬೇಕು. ಗಾಳಿಸುದ್ದಿಯು ಸುತ್ತೋಲೆಗಿಂತ ಯಾವಾಗಲೂ ಮುಂದೆ ಓಡುತ್ತದೆ.

2. ಯಾರಿಗೆ ಏನು ನಷ್ಟವೆಂಬುದನ್ನು ಮುಚ್ಚಿಡದೆ ಹೇಳಬೇಕು. ತಿಳಿಯದಿದ್ದರೆ ತಿಳಿಯದೆಂದೇ ಹೇಳಿ, ಯಾವ ದಿನ ತಿಳಿಸಲಾಗುವುದೆಂಬುದನ್ನೂ ಹೇಳಬೇಕು.

3. ವಾರಕ್ಕೊಮ್ಮೆ ಕಾಲು ಗಂಟೆಯ ಸಭೆ ಸೇರಿ, ಕಿರಿಯರಿಂದ ಮಾತು ಆರಂಭಿಸಬೇಕು. ಹಿರಿಯರು ಮೊದಲು ಅಭಿಪ್ರಾಯ ಕೊಟ್ಟರೆ ಉಳಿದವರದು ಬರಿಯ ಅನುಮೋದನೆ.

4. ಬಂದ ಪ್ರತಿಯೊಂದು ಸಲಹೆಗೂ ಉತ್ತರ ಸಲ್ಲಬೇಕು. ಒಪ್ಪದಿದ್ದರೆ ಕಾರಣ ಹೇಳಬೇಕು. ಉತ್ತರವಿಲ್ಲದ ಸಲಹಾ ಪೆಟ್ಟಿಗೆಯಲ್ಲಿ ಎರಡನೆಯ ಚೀಟಿ ಬೀಳುವುದಿಲ್ಲ.

5. ಹೊಸ ಕ್ರಮವನ್ನು ಒಂದು ಮೇಜಿನಲ್ಲಿ, ಒಂದು ತಿಂಗಳು ಪ್ರಯೋಗಿಸಿ ನೋಡಬೇಕು. ಪ್ರಯೋಗ ಸೋತರೆ ಮಾಡಿದವನನ್ನು ದೂರಬಾರದು.

6. ಹಳೆಯ ಕ್ರಮವನ್ನು ಬಲ್ಲ ಹಿರಿಯ ಗುಮಾಸ್ತನನ್ನೂ ಹೊಸ ತಂತ್ರವನ್ನು ಬಲ್ಲ ತರುಣಿಯನ್ನೂ ಜೊತೆಯಾಗಿ ಕೂರಿಸಬೇಕು. ಇಬ್ಬರೂ ಕಲಿಸುತ್ತಾರೆ, ಇಬ್ಬರೂ ಕಲಿಯುತ್ತಾರೆ, ಯಾರ ಮಾನವೂ ಹೋಗುವುದಿಲ್ಲ.

7. ವಿಚಾರವು ಯಾರದೋ ಅವರ ಹೆಸರಿನಲ್ಲಿಯೇ ಮೇಲಕ್ಕೆ ಹೋಗಬೇಕು. ಕೈಕೆಳಗಿನವನ ವಿಚಾರವನ್ನು ತನ್ನದೆಂದು ಬರೆದುಕೊಂಡ ಅಧಿಕಾರಿಗೆ ಆ ತಂಡದಿಂದ ಮತ್ತೊಂದು ವಿಚಾರ ದೊರೆಯದು.

ಆಳಾಗಬಲ್ಲವನು ಅರಸಾಗಬಲ್ಲ ಎಂಬುದು ನಮ್ಮ ಹಿರಿಯರ ಗಾದೆ. ಪಿಗ್ಮಿ ಏಜೆಂಟನ ಕಾಲ್ನಡಿಗೆಯಲ್ಲಿ, ಬನಗಾಂವಿನ ತಾಯಿಯ ಕೈಯ ಲೋಟದಲ್ಲಿ ದೊಡ್ಡ ಕಾರ್ಯಗಳು ನಡೆದವು. ಅವರಿಗೆ ಆ ಕೆಲಸವನ್ನು ಒಪ್ಪಿಸಿದವರು ಅವರನ್ನು ನಂಬಿದ್ದರು. ನ್ಯೂ ಟೌನಿನ ಗಾಜಿನ ಭವನಗಳಲ್ಲಿಯೂ, ಹಳೆಯ ಡಾಲ್‌ಹೌಸಿ ಚೌಕದ ಎತ್ತರ ಸೂರಿನ ಕಚೇರಿಗಳಲ್ಲಿಯೂ ದುಡಿಯುವ ಕನ್ನಡಿಗರಲ್ಲಿ ಹಲವರು ಇಂದು ನಾಲ್ಕಾರು ಜನರ ಮೇಲಿನ ಹೊಣೆ ಹೊತ್ತವರು. ನಾಳೆ ಬೆಳಗ್ಗೆ ಮೇಜಿನ ಎದುರು ಹಿಂಜರಿಯುತ್ತ ನಿಂತ ಕಿರಿಯ ಸಹೋದ್ಯೋಗಿಗೆ ಕುರ್ಚಿ ತೋರಿಸಿ, “ಏನು ಯೋಚನೆ ಬಂದಿದೆ, ಹೇಳಿ” ಎಂದು ಕೇಳುವುದಕ್ಕೆ ಯಾವ ಸುತ್ತೋಲೆಯ ಅಪ್ಪಣೆಯೂ ಬೇಕಾಗಿಲ್ಲ.